ಖರೇ ಎಲುಬೋ, ಕೂಗುವ ಬೊಂಬೆಯೋ?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮಗನಿಗೆ ಐದು ವರ್ಷ. ಡೈನೋಸಾರ್ ಎಂದರೆ ಊಟ, ನಿದ್ದೆ ಎರಡನ್ನೂ ಮರೆಯುತ್ತಾನೆ. ನಮ್ಮ ನಾಲಿಗೆ ಹೊರಳದ ಹೆಸರುಗಳನ್ನು ತಡವರಿಸದೆ ಹೇಳುತ್ತಾನೆ. ದಸರಾ ರಜೆಯಲ್ಲಿ ಮೂರು ನಾಲ್ಕು ದಿನ ಅವನ ಸಲುವಾಗಿ ಪ್ರವಾಸ ಹೋಗಬೇಕೆಂದಿದ್ದೇವೆ. ಮೊಣಕಾಲು ನೋವಿರುವ ಅತ್ತೆಯವರೂ ಜೊತೆಗೆ ಬರುತ್ತಾರೆ. ಡೈನೋಸಾರ್ ಬೊಂಬೆಗಳು ಕತ್ತು ತಿರುಗಿಸಿ ಘರ್ಜಿಸುವ ಪಾರ್ಕಿಗೆ ಹೋಗಿ ಎಂದು ಬಂಧುಗಳು ಹೇಳುತ್ತಾರೆ. ಆದರೆ ಮಗ ಯಾವ ಚಿತ್ರ ಕಂಡರೂ “ಅವ್ವಾ, ಇದು ಖರೇ ಐತೇನು?” ಎಂದೇ ಕೇಳುತ್ತಾನೆ. ಹೆಚ್ಚು ಖರ್ಚಾಗದಂತೆ ಎಲ್ಲಿಗೆ ಹೋಗಬಹುದು?
— ಒಬ್ಬ ತಾಯಿ, ವಿಜಯಪುರ

ಉತ್ತರ: ಖರೇ ಐತೇನು ಎಂದು ಕೇಳುವ ಮಗುವಿಗೆ ಖರೇದನ್ನೇ ತೋರಿಸುವುದು ಒಳ್ಳೆಯದು. ನೀವು ಹೈದರಾಬಾದಿಗೆ ಹೋಗಿ.

ಅಲ್ಲಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ಕೋಟಾಸಾರಸ್ ಎಂಬ ಡೈನೋಸಾರಿನ ಅಸ್ಥಿಪಂಜರವನ್ನು ನಿಲ್ಲಿಸಿದ್ದಾರೆ. ಇದು ಪರದೇಶದಿಂದ ತರಿಸಿದ ಮಾದರಿಯಲ್ಲ. ಈಗಿನ ತೆಲಂಗಾಣದ ಯಾಮನಪಲ್ಲಿ ಎಂಬ ಹಳ್ಳಿಯ ಹತ್ತಿರ ನೆಲದಿಂದ ಅಗೆದು ತೆಗೆದ ಎಲುಬುಗಳನ್ನು ಕೂಡಿಸಿ ಕಟ್ಟಿದ ಪ್ರಾಣಿ ಅದು. ಆ ಒಂದೇ ಜಾಗದಲ್ಲಿ 840 ಎಲುಬಿನ ಭಾಗಗಳು ಸಿಕ್ಕವು, ಅವು ಕನಿಷ್ಠ 12 ಪ್ರಾಣಿಗಳಿಗೆ ಸೇರಿದವು ಎಂದು ತಜ್ಞರು ಗುರುತಿಸಿದರು, ಮತ್ತು 1988ರಲ್ಲಿ ಅದಕ್ಕೆ ಕೋಟಾಸಾರಸ್ ಯಾಮನಪಲ್ಲಿಯೆನ್ಸಿಸ್ ಎಂಬ ಹೆಸರು ಬಂತು. ತಲೆಬುರುಡೆ ಮಾತ್ರ ಸಿಗಲಿಲ್ಲ. ಸಿಕ್ಕದ್ದು ಎರಡು ಹಲ್ಲು. ಈ ಸಂಗತಿಯನ್ನು ಮಗನಿಗೆ ಮೊದಲೇ ಹೇಳಿಡಿ. ಕಾಲು, ಬೆನ್ನು ಖರೇ ಎಲುಬಿನ ಲೆಕ್ಕದ್ದು, ತಲೆ ಮಾತ್ರ ಬಲ್ಲವರು ಊಹಿಸಿ ಮಾಡಿದ್ದು ಎಂದರೆ ಅವನಿಗೆ ಬೇಸರವಾಗುವುದಿಲ್ಲ, ಬದಲಾಗಿ ಯಾವುದು ಸಿಕ್ಕದ್ದು, ಯಾವುದು ಮಾಡಿದ್ದು ಎಂದು ಹುಡುಕುವ ಕೆಲಸವೊಂದು ಸಿಗುತ್ತದೆ. ಐದು ವರ್ಷದ ಮಗುವನ್ನು ಒಂದು ಗಂಟೆ ಒಂದೇ ಕೋಣೆಯಲ್ಲಿ ಹಿಡಿದಿಡಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಇನ್ನೊಂದು ಮಾತನ್ನೂ ಹೊರಡುವ ಮುನ್ನವೇ ಹೇಳಬೇಕು. ಟೀ-ರೆಕ್ಸ್ ಅಲ್ಲಿಲ್ಲ. ಅದು ಉತ್ತರ ಅಮೆರಿಕದ ಪ್ರಾಣಿ, ನಮ್ಮ ನೆಲದಲ್ಲಿ ಎಂದೂ ಓಡಾಡಿದ್ದಲ್ಲ. ಕೋಟಾಸಾರಸ್ ಅದಕ್ಕಿಂತ ಬಹಳ ಹಿಂದಿನ ಜುರಾಸಿಕ್ ಕಾಲದ್ದು. ನಾಲ್ಕು ಕಾಲಿನ, ಉದ್ದ ಕತ್ತಿನ, ಸೊಪ್ಪು ತಿನ್ನುವ ಸಾಧು ಪ್ರಾಣಿ. ಇದನ್ನು ಮುಚ್ಚಿಟ್ಟು ಕರೆದೊಯ್ದರೆ ಬಾಗಿಲಲ್ಲೇ ಅಳು ಶುರುವಾದೀತು.

ಘರ್ಜಿಸುವ ಬೊಂಬೆಗಳ ವಿಷಯದಲ್ಲಿ ನನ್ನ ಅನುಭವ ಅಷ್ಟು ಸಿಹಿಯಾದದ್ದಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಮೊಮ್ಮಗನನ್ನು ಅಂಥದೊಂದು ಪ್ರದರ್ಶನಕ್ಕೆ ಕರೆದೊಯ್ದಿದ್ದೆ. ಮೊದಲ ಕೂಗಿಗೇ ಅವನು ನನ್ನ ಕೊರಳಿಗೆ ಜೋತುಬಿದ್ದು ಕಣ್ಣು ಮುಚ್ಚಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಬೆರಳ ಸಂದಿಯಿಂದ ನೋಡಿ, ಪ್ರಾಣಿಯ ಮೊಣಕಾಲಿನ ಹತ್ತಿರ ರಬ್ಬರು ಹರಿದು ಕಬ್ಬಿಣದ ಸಲಾಕೆ ಕಾಣುತ್ತಿದ್ದುದನ್ನೂ, ಪ್ಲಾಸ್ಟಿಕ್ ಹುಲ್ಲಿನ ಕೆಳಗೆ ವೈರು ಹರಿದುಹೋದದ್ದನ್ನೂ ಕಂಡುಹಿಡಿದ. ಆಮೇಲೆ ಅವನಿಗೆ ಡೈನೋಸಾರ್ ಬೇಡವಾಯಿತು. ಆ ವೈರಿನ ಪ್ಲಗ್ಗು ಎಲ್ಲಿದೆ ಎಂಬುದಷ್ಟೇ ಬೇಕಾಯಿತು. ಏಳೆಂಟು ವರ್ಷದ ಮಕ್ಕಳು ಇಂಥ ಕಡೆ ನಕ್ಕು ನಲಿಯುತ್ತಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ವಿಜಯಪುರದಿಂದ ಹೈದರಾಬಾದು ಸುಮಾರು 400 ಕಿ.ಮೀ. ಆಗುತ್ತದೆ. ರಾತ್ರಿ ಹೊರಟು ಬೆಳಿಗ್ಗೆ ತಲುಪಬಹುದು. ಸೊಲ್ಲಾಪುರದವರೆಗೆ ಹೋದರೆ ರೈಲುಗಳ ಆಯ್ಕೆ ಹೆಚ್ಚು. ಅತ್ತೆಯವರ ಮೊಣಕಾಲಿಗೆ ಬಸ್ಸಿನ ಸೀಟಿಗಿಂತ ರೈಲಿನ ಕೆಳಗಿನ ಬರ್ತ್ ಹಿತವಾದೀತು. ತಲುಪಿದ ದಿನವೇ ವಿಜ್ಞಾನ ಕೇಂದ್ರಕ್ಕೆ ಓಡಬೇಡಿ. ನಿದ್ದೆಗೆಟ್ಟ ಮಗು ಯಾವ ಎಲುಬನ್ನೂ ನೋಡುವುದಿಲ್ಲ. ಆ ದಿನ ಸ್ನಾನ, ಊಟ, ಮಧ್ಯಾಹ್ನದ ನಿದ್ದೆ ಮುಗಿಸಿ ಸಂಜೆ ಹುಸೇನ್ ಸಾಗರದ ದಂಡೆಗೆ ಹೋಗಿ ಬನ್ನಿ, ಅಷ್ಟು ಸಾಕು. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ ಮತ್ತು ಬೇರೆ ವಿಭಾಗಗಳಿಗೆ ಸಿಲುಕದೆ ನೇರವಾಗಿ ಡೈನೋಸಾರಿನ ಬಳಿಗೇ ಹೋಗಿ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಕೈಯಲ್ಲಿರಲಿ. ಅವನು ಎದುರಿಗೆ ಕುಳಿತು ಬರೆದ ಚಿತ್ರ ಮೊಬೈಲಿನ ನೂರು ಫೋಟೊಗಿಂತ ಹೆಚ್ಚು ದಿನ ಮನೆಯಲ್ಲಿ ಉಳಿಯುತ್ತದೆ. ಅದೇ ಆವರಣದಲ್ಲಿ 1985ರಲ್ಲಿ ಶುರುವಾದ ತಾರಾಲಯವಿದೆ. ಕತ್ತಲೆಗೆ ಹೆದರುವ ಮಗುವಾದರೆ ಅದನ್ನು ಬಿಡಿ. ಅದೇ ನೌಬತ್ ಪಹಾಡ್ ಗುಡ್ಡದ ಮೇಲೆ ಬಿಳಿ ಅಮೃತಶಿಲೆಯ ವೆಂಕಟೇಶ್ವರ ದೇವಸ್ಥಾನವೂ ಇರುವುದರಿಂದ ಅತ್ತೆಯವರ ದರ್ಶನವೂ ಆಗುತ್ತದೆ. ಏರು ಇರುವುದರಿಂದ ಆದಷ್ಟು ಮೇಲಿನವರೆಗೆ ಬಿಡಲು ಆಟೊದವರಿಗೆ ಹೇಳಿ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ಸೇರಿಸಿಕೊಳ್ಳುವುದಾದರೆ ಶುಕ್ರವಾರ ಅದಕ್ಕೆ ರಜೆ ಎಂಬುದು ನೆನಪಿರಲಿ.

ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲೂ ಅಲುಗಾಡುವ ಡೈನೋಸಾರ್ ಮಾದರಿಯಿದೆ. ಬೇರೆ ಕೆಲಸಕ್ಕೆ ಗೋಳಗುಮ್ಮಟ ಎಕ್ಸ್‌ಪ್ರೆಸ್ ಹತ್ತಿದಾಗ ನೋಡಿದರಾಯಿತು.

ಊರಿಗೆ ಮರಳಿದ ಮೇಲೆ ಮಗನಿಗೆ ತೋರಿಸಬೇಕಾದ ಒಂದು ಖರೇ ವಸ್ತು ನಿಮ್ಮ ಮನೆಯ ಸುತ್ತಲೇ ಇದೆ. ವಿಜಯಪುರ ನಿಂತಿರುವುದು ದಖ್ಖನ್ನಿನ ಕರಿಗಲ್ಲಿನ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಕೊನೆಗಾಲದಲ್ಲಿ, ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಪದರ ಪದರವಾಗಿ ಹರಿದು ಆರಿ ಆ ಕಲ್ಲಾಯಿತು. ಅದೇ ಕಾಲಕ್ಕೆ ಮೆಕ್ಸಿಕೋ ದೇಶದ ಚಿಕ್ಸುಲೂಬ್ ಎಂಬಲ್ಲಿ ದೊಡ್ಡದೊಂದು ಆಕಾಶಕಾಯ ಬಂದು ಬಡಿದಿತ್ತು; ಡೈನೋಸಾರ್‌ಗಳು ಅಳಿದದ್ದರಲ್ಲಿ ಆ ಹೊಡೆತದ ಪಾಲೆಷ್ಟು, ನಮ್ಮ ಲಾವಾದ ಪಾಲೆಷ್ಟು ಎಂದು ವಿಜ್ಞಾನಿಗಳು ಇಂದಿಗೂ ವಾದಿಸುತ್ತಾರೆ. ಗೋಳಗುಮ್ಮಟವನ್ನು ಕಟ್ಟಿದ್ದು ಆ ಕಲ್ಲಿನಿಂದ, ನಿಮ್ಮ ಕಡೆಯ ಎರೆ ಹೊಲ ಆ ಕಲ್ಲು ಕರಗಿ ಆದ ಮಣ್ಣು. ಯಾವುದಾದರೂ ಹಳೆಯ ಬಾವಿಯ ಬದಿಯಲ್ಲಿ, ಬಾಂದಿನ ಕಲ್ಲುಗಳಲ್ಲಿ ಹುಡುಕಿದರೆ ಸಣ್ಣ ಸಣ್ಣ ತೂತುಗಳಿರುವ ಕಲ್ಲು ಸಿಗುತ್ತದೆ. ಆ ತೂತುಗಳು ಕುದಿಯುವ ಲಾವಾದಲ್ಲಿ ಎದ್ದ ಗಾಳಿಗುಳ್ಳೆಗಳ ಗುರುತು. ಮಗ ಅದರೊಳಗೆ ಕಿರುಬೆರಳು ತೂರಿಸಿ ನೋಡಲಿ.

ಪ್ರಶ್ನೆ: ಬೇಸಿಗೆ ರಜೆಗೆ ಬಾದಾಮಿ, ಐಹೊಳೆಗೆ ಹೇಗೂ ಹೋಗುವವರಿದ್ದೇವೆ. ಅಲ್ಲಿನ ಕೆಂಪು ಬಂಡೆಗಳು ಬಹಳ ಹಳೆಯವು ಎನ್ನುತ್ತಾರೆ. ಆರು ವರ್ಷದ ಮಗನಿಗೆ ಅವುಗಳಲ್ಲಿ ಡೈನೋಸಾರ್ ಕುರುಹು ತೋರಿಸಬಹುದೇ?
— ಒಬ್ಬ ಓದುಗರು, ಬಾಗಲಕೋಟೆ

ಉತ್ತರ: ಆಗದು, ಏಕೆಂದರೆ ಅವು ಬೇಕಾದದ್ದಕ್ಕಿಂತ ಬಹಳ ಹೆಚ್ಚು ಹಳೆಯವು. ನಿಮ್ಮ ಜಿಲ್ಲೆಯ ಕಲಾದಗಿಯ ಹೆಸರನ್ನೇ ಹೊತ್ತ ಈ ಶಿಲಾಸಮೂಹದ ಹೆಚ್ಚಿನ ಭಾಗಕ್ಕೆ 100 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಡೈನೋಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಎಲುಬುಳ್ಳ ಪ್ರಾಣಿಯೇ ಇಲ್ಲದ ಕಾಲದ ಮರಳು ಅದು.

ಈ ಅಂತರವನ್ನು ಆರು ವರ್ಷದವನಿಗೆ ಬಾಯಿಮಾತಿನಲ್ಲಿ ತಿಳಿಸಲಾಗದು. ಹತ್ತು ಮೀಟರ್ ಹಗ್ಗವೊಂದನ್ನು ಅಂಗಳದಲ್ಲಿ ಹಾಸಿ, ಒಂದು ಸೆಂಟಿಮೀಟರಿಗೆ ಹತ್ತು ಲಕ್ಷ ವರ್ಷ ಎಂದು ಲೆಕ್ಕ ಹಿಡಿಯಿರಿ. ಒಂದು ತುದಿಯಲ್ಲಿ ನಾವು. ಅಲ್ಲಿಂದ 66 ಸೆಂಟಿಮೀಟರಿಗೆ ಡೈನೋಸಾರ್‌ಗಳ ಕೊನೆ, 2.3 ಮೀಟರಿಗೆ ಅವುಗಳ ಮೊದಲು. ಬಾದಾಮಿಯ ಬಂಡೆ ಬಹುಶಃ ಹಗ್ಗದ ಇನ್ನೊಂದು ತುದಿಯ ಕಡೆಗೆ ಹೋಗುತ್ತದೆ. ಮನುಷ್ಯರು ಇದ್ದಷ್ಟೂ ಕಾಲಕ್ಕೆ ನಮ್ಮ ತುದಿಯಲ್ಲಿ ಒಂದು ಜೋಳದ ಕಾಳು ಇಟ್ಟರೆ ಸಾಕು. 578ರಲ್ಲಿ ಕಡೆದ ಬಾದಾಮಿಯ ಮೂರನೆಯ ಗುಹೆಗೆ ಈ ಹಗ್ಗದಲ್ಲಿ ಕಣ್ಣಿಗೆ ಕಾಣುವಷ್ಟು ಜಾಗವೂ ಇಲ್ಲ.

ಹಾಗೆಂದು ಬಂಡೆಗಳಲ್ಲಿ ನೋಡುವುದಕ್ಕೆ ಏನೂ ಇಲ್ಲವೆಂದಲ್ಲ. ಗುಹೆಗಳ ಸುತ್ತಲಿನ ಬಂಡೆಯಲ್ಲಿ ಓರೆಯಾಗಿ ಒಂದರ ಮೇಲೊಂದು ಕುಳಿತ ಗೆರೆಗಳನ್ನು ಗಮನಿಸಿ. ಹರಿಯುವ ನೀರು ಮರಳನ್ನು ತಳ್ಳಿ ಇಟ್ಟುಹೋದ ಗುರುತು ಅವು. ಈ ಸೀಮೆಯ ಮರಳುಗಲ್ಲಿನ ಚಪ್ಪಡಿಗಳಲ್ಲಿ ಅಲ್ಲಲ್ಲಿ ಅಲೆಯ ಸುಕ್ಕುಗಳೂ ಉಳಿದಿವೆ. ಮಗ ಮಲಪ್ರಭೆಯ ದಂಡೆಯ ಒದ್ದೆ ಮರಳಿನಲ್ಲಿ ಅಂಥದೇ ಸುಕ್ಕನ್ನು ಮೊದಲು ನೋಡಿ, ಆಮೇಲೆ ಕಲ್ಲಿನದನ್ನು ಮುಟ್ಟಿದರೆ ವಿವರಣೆಯೇ ಬೇಡ. ಬೆಳಿಗ್ಗೆ ಒಂಬತ್ತರೊಳಗೆ ಮೆಟ್ಟಿಲು ಹತ್ತಿ. ಬುತ್ತಿಯ ಚೀಲ ಮಾತ್ರ ಮಂಗಗಳ ಕಣ್ಣಿಗೆ ಬೀಳದಿರಲಿ.

ಪ್ರಶ್ನೆ: ಗುಜರಾತಿನಲ್ಲಿ ಡೈನೋಸಾರ್ ಮೊಟ್ಟೆಗಳನ್ನು ನೋಡಬಹುದೆಂದು ಕೇಳಿ ಏಳು ವರ್ಷದ ಮಗಳು ಪಟ್ಟು ಹಿಡಿದಿದ್ದಾಳೆ. ಮೇ ತಿಂಗಳಲ್ಲಿ ಹೋಗಬಹುದೇ?
— ಒಬ್ಬ ತಂದೆ, ಬೆಳಗಾವಿ

ಉತ್ತರ: ಹೋಗಿ, ಆದರೆ ಮೇ ತಿಂಗಳಲ್ಲಿ ಬೇಡ. ನೋಡಬೇಕಾದದ್ದರ ಬಹುಪಾಲು ಬಯಲಿನಲ್ಲಿದೆ, ಮತ್ತು ಆ ಬಿಸಿಲು ನಮ್ಮ ಬೆಳಗಾವಿಯ ಬಿಸಿಲಲ್ಲ. ದೀಪಾವಳಿಯ ನಂತರ, ಇಲ್ಲವೇ ಡಿಸೆಂಬರಿನಲ್ಲಿ ಹೊರಡಿ.

ಜಾಗದ ಹೆಸರು ರೈಯೋಲಿ. ಬಾಲಾಸಿನೋರ್ ಪಟ್ಟಣದ ಹತ್ತಿರ, ಅಹಮದಾಬಾದಿನಿಂದ 100 ಕಿ.ಮೀ. ಒಳಗೆ. 1980ರ ದಶಕದ ಮೊದಲಲ್ಲಿ ಭೂವಿಜ್ಞಾನಿಗಳು ಅಲ್ಲಿ ಎಲುಬು, ಮೊಟ್ಟೆಗಳನ್ನು ಗುರುತಿಸಿದರು. ಅಲ್ಲಿ ಸಿಕ್ಕ ಎಲುಬುಗಳಿಂದಲೇ ತಲೆಯ ಮೇಲೆ ಗಿಡ್ಡ ಕೊಂಬಿದ್ದ ಮಾಂಸಾಹಾರಿಯೊಂದಕ್ಕೆ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂದು ಹೆಸರಿಟ್ಟರು. 2019ರಲ್ಲಿ ವಸ್ತುಸಂಗ್ರಹಾಲಯವೂ ಆಯಿತು. ವಿಜಯಪುರದ ಕರಿಗಲ್ಲಿನಲ್ಲಿ ಸಿಗದ ಎಲುಬು ಅಲ್ಲಿ ಸಿಗುವುದೇಕೆ ಎಂದು ಮಗಳು ಕೇಳಿಯಾಳು. ಅಲ್ಲಿ ಕಾಣುವುದು ಲಾವಾಕ್ಕಿಂತ ಮೊದಲಿನ ಮಣ್ಣು, ಮರಳುಗಳ ಪದರ. ಅದರೊಳಗೆ ಹೂತದ್ದು ನಿಧಾನವಾಗಿ ಕಲ್ಲಾಯಿತು. ಕುದಿಯುವ ಲಾವಾದಲ್ಲಿ ಎಲುಬು ಉಳಿಯುವುದು ಹೇಗೆ?

ರೈಲಿನಲ್ಲಿ ಹೇಳುವುದಕ್ಕೊಂದು ಕಥೆಯಿರಲಿ. ಗುಜರಾತಿನ ಧೋಲಿ ಡುಂಗರಿ ಎಂಬಲ್ಲಿ ಡೈನೋಸಾರಿನ ಗೂಡೊಂದು ಕಲ್ಲಾಗಿ ಸಿಕ್ಕಿತು. ಒಡೆದ ಮೊಟ್ಟೆಯ ಸುತ್ತ ಸುಮಾರು ಮೂರೂವರೆ ಮೀಟರ್ ಉದ್ದದ ಹಾವೊಂದು ಸುತ್ತಿಕೊಂಡಿತ್ತು. ಪಕ್ಕದಲ್ಲೇ ಆಗಷ್ಟೇ ಹೊರಬಂದ ಮರಿಯ ಎಲುಬುಗಳಿದ್ದವು. ಹಾವು ಮರಿಯನ್ನು ನುಂಗುವ ಮೊದಲೇ ಮಣ್ಣು ಕುಸಿದು ಎಲ್ಲವೂ ಹೂತುಹೋದವು. ಆ ಹಾವಿಗೆ 2010ರಲ್ಲಿ ಸನಾಜೇ ಇಂಡಿಕಸ್ ಎಂದು ಹೆಸರಿಟ್ಟರು.

ಬೆಂಗಳೂರಿನಿಂದ ಜೋಧಪುರದ ಕಡೆಗೆ ಹೋಗುವ ರೈಲು ಬೆಳಗಾವಿಯ ಮೂಲಕವೇ ಅಹಮದಾಬಾದನ್ನು ಮುಟ್ಟುತ್ತದೆ. ಅಲ್ಲಿಂದ ಒಂದು ದಿನಕ್ಕೆ ಬಾಡಿಗೆ ಕಾರು ಸಾಕು. ಯಾರಾದರೂ ಮೊಟ್ಟೆಯ ಚೂರೆಂದು ಕಲ್ಲು ಮಾರಲು ಬಂದರೆ ಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಕೂಲಿ ಮಾಡುವ ಮನೆ, ಪ್ರವಾಸದ ಮಾತೇ ಇಲ್ಲ. ಶಾಲೆಯ ಪುಸ್ತಕದಲ್ಲಿ ಚಿತ್ರ ನೋಡಿದ ಮಗಳು ದಿನವೂ ಡೈನೋಸಾರ್ ಕೇಳುತ್ತಾಳೆ. ಏನು ತೋರಿಸಲಿ?
— ಒಬ್ಬ ತಾಯಿ, ಗೋಕಾಕ ತಾಲ್ಲೂಕು

ಉತ್ತರ: ಕೋಳಿಯನ್ನು ತೋರಿಸಿ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಹಕ್ಕಿಗಳು ಡೈನೋಸಾರ್ ವಂಶದಲ್ಲಿ ಉಳಿದ ಕವಲು ಎಂಬುದು ಇಂದು ವಿಜ್ಞಾನಿಗಳು ಒಪ್ಪಿದ ಸಂಗತಿ. ಕೋಳಿಯನ್ನು ಮೆಲ್ಲಗೆ ಹಿಡಿದು ಅದರ ಕಾಲಿನ ಮೇಲಿನ ಹುರುಪೆಗಳನ್ನು ಮಗಳಿಗೆ ಮುಟ್ಟಿಸಿ; ಹಲ್ಲಿ, ಓತಿಕ್ಯಾತಗಳ ಮೈಮೇಲಿರುವಂಥವೇ ಅವು. ಚಳಿಗಾಲದಲ್ಲಿ ಒಂದು ಭಾನುವಾರ ಬಿಡುವಾದರೆ ಧೂಪದಾಳದ ಬಳಿಯ ಘಟಪ್ರಭಾ ಪಕ್ಷಿಧಾಮಕ್ಕೆ ಕರೆದೊಯ್ಯಿರಿ, ಉದ್ದ ಕಾಲಿನ ವಲಸೆ ಹಕ್ಕಿಗಳು ನೀರಿನಲ್ಲಿ ಹೆಜ್ಜೆ ಎತ್ತಿ ಇಡುವ ರೀತಿಯನ್ನು ಅವಳು ನೋಡಲಿ. ಅಲ್ಲಿಯವರೆಗೆ, ಮಳೆ ನಿಂತ ಮೇಲೆ ಅಂಗಳದ ಹಸಿ ಮಣ್ಣಿನಲ್ಲಿ ಕೋಳಿ ನಡೆದುಹೋದ ಮೂರು ಬೆರಳಿನ ಹೆಜ್ಜೆಯ ಮೇಲೆ ಒಂದು ಬುಟ್ಟಿ ಕವುಚಿಡಿ. ಬಿಸಿಲಿಗೆ ಅದು ಒಣಗಿ ಗಟ್ಟಿಯಾದ ದಿನ ಪುಸ್ತಕದ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಲು ಅವಳಿಗೇ ಹೇಳಿ.