ಫಿಟ್ಸ್ ಬಂದರೆ ಮೂಗಿಗೆ ಹೊಡೆಯುವ ಸ್ಪ್ರೇಯನ್ನು ಆಯಾ ಕೈಗೆ ಕೊಡಬಹುದಾ?

ಮಗಳಿಗೆ ಫಿಟ್ಸ್ ಇದೆ, ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಡಾಕ್ಟರ್ ಬರೆದುಕೊಟ್ಟ ಮಿಡಜೋಲಮ್ ಸ್ಪ್ರೇಯನ್ನು ಆಯಾ ಕೈಗೆ ಒಪ್ಪಿಸಬಹುದಾ ಎಂದು ಕೇಳಿದ್ದೀರಿ. ಒಪ್ಪಿಸಬಹುದು, ಒಪ್ಪಿಸಲೇಬೇಕು. ಆದರೆ ಬಾಯಲ್ಲಿ ಹೇಳಿದರೆ ಸಾಲದು, ಕೈಯಿಂದ ಮಾಡಿಸಿ.

ನನ್ನ ಮಗನನ್ನು ನೋಡಿಕೊಳ್ಳುವ ಅಕ್ಕನಿಗೆ ನಾನು ಬರೀ ಹೇಳಿದ್ದೆ, ಅವರೂ ತಲೆಯಾಡಿಸಿದ್ದರು. ಫಿಟ್ಸ್ ಬಂದ ದಿನ ನಾನು ಒಳಗೆ ಬಂದರೆ, ಮಗುವಿನ ಮುಷ್ಟಿಯಲ್ಲಿ ಬೀಗದ ಕೀ ಗೊಂಚಲು, ಹಲ್ಲಿನ ನಡುವೆ ಚಮಚ ತುರುಕುವ ಪ್ರಯತ್ನ. ಸ್ಪ್ರೇ ಫ್ರಿಜ್ ಮೇಲೆ ಇಟ್ಟಲ್ಲೇ ಇತ್ತು. ಬೈಯಲು ನನಗೆ ಮನಸ್ಸು ಬರಲಿಲ್ಲ. ಗಾಬರಿಯಲ್ಲಿ ಯಾರಾದರೂ ಚಿಕ್ಕಂದಿನಿಂದ ನೋಡಿದ್ದನ್ನೇ ಮಾಡುತ್ತಾರೆ.

ಆಮೇಲೆ ದಿಂಬು ಇಟ್ಟುಕೊಂಡು ಕೂತೆವು. ದಿಂಬನ್ನು ಅಲುಗಾಡಿಸುತ್ತಾ, “5 ನಿಮಿಷ ಆಯಿತು ಅನ್ನಿಸಿದಾಗ ಹೇಳಿ” ಎಂದೆ. ಒಂದೂವರೆ ನಿಮಿಷಕ್ಕೇ ಹೇಳಿಬಿಟ್ಟರು. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಸಾಮಾನ್ಯವಾಗಿ ಸ್ಪ್ರೇ ಬೇಕಾಗುವುದು 5 ನಿಮಿಷ ದಾಟಿದಾಗ. ಹಾಗಾಗಿ ಮೊದಲು ಗಡಿಯಾರ ನೋಡುವುದನ್ನೇ ಕಲಿಸಿ. ಆಮೇಲೆ ಮಗುವನ್ನು ಪಕ್ಕಕ್ಕೆ ಹೊರಳಿಸುವುದು, ತಲೆ ಕೆಳಗೆ ಮೆತ್ತನೆಯದು ಇಡುವುದು. ಕೈಕಾಲು ಅದುಮಿ ಹಿಡಿಯಬಾರದು, ಬಾಯಿಗೆ ಏನನ್ನೂ ಹಾಕಬಾರದು, ನೀರನ್ನೂ ಸಹ.

ಅವಧಿ ಮುಗಿದ ಬಾಟಲಿ ಇದ್ದರೆ ಔಷಧಿ ಚೆಲ್ಲಿ, ತೊಳೆದು, ನೀರು ತುಂಬಿಸಿ ಅಭ್ಯಾಸಕ್ಕೆ ಇಡಿ. ಬೆರೆತುಹೋಗದಂತೆ ನಾನು ಅದಕ್ಕೆ ಕೆಂಪು ನೈಲ್ ಪಾಲಿಶ್ ಬಳಿದಿದ್ದೇನೆ. ಮೊದಲು ಗಾಳಿಯಲ್ಲಿ ಒತ್ತಿ ತುಂತುರು ಬರುವುದನ್ನು ನೋಡಬೇಕು, ಆಮೇಲೆ ಎರಡೂ ಹೊಳ್ಳೆಗೆ ಹಂಚಿ ಹೊಡೆಯಬೇಕು.

ಒಂದು ಅಪಾಯವನ್ನು ಮಾತ್ರ ಮರೆಯಬೇಡಿ. ಒಂದು ಪಫ್‌ಗೆ 0.5 ಮಿಲಿಗ್ರಾಂ ಬರುವ ಬಾಟಲಿಯೂ ಇದೆ, 1.25 ಬರುವುದೂ ಇದೆ. 4 ಮಿಲಿಗ್ರಾಂ ಬೇಕಾದ ಮಗುವಿಗೆ ಮೊದಲನೆಯದರಲ್ಲಿ 8 ಪಫ್. ಮೆಡಿಕಲ್‌ನವರು ಇನ್ನೊಂದನ್ನು ಕೊಟ್ಟು, ಆಯಾ ಅದೇ 8 ಹೊಡೆದರೆ 10 ಮಿಲಿಗ್ರಾಂ ಹೋಗುತ್ತದೆ, ಉಸಿರಾಟ ಕುಗ್ಗಬಹುದು. ಬಾಟಲಿಯನ್ನೇ ಡಾಕ್ಟರ್‌ಗೆ ತೋರಿಸಿ, ಎಷ್ಟು ಪಫ್ ಎಂದು ಬರೆಸಿ, ಆ ಚೀಟಿಯನ್ನು ಬಾಟಲಿಗೇ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಮಗು ತೂಕ ಹೆಚ್ಚಿಸಿಕೊಂಡಂತೆ ಮತ್ತೆ ಕೇಳಿ. 108ಕ್ಕೆ ಯಾವಾಗ ಫೋನ್ ಮಾಡಬೇಕು ಎನ್ನುವುದನ್ನೂ ಅದರಲ್ಲೇ ಬರೆಸಿ. ನಮ್ಮ ಚೀಟಿಯಲ್ಲಿ ಸ್ಪ್ರೇ ಹೊಡೆದ ತಕ್ಷಣ ಎಂದಿದೆ.

ಮನೆಯಲ್ಲಿ ಅತ್ತೆಯೋ ಅಮ್ಮನೋ ಇದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಹಿರಿಯರು “ಬೇಡ, ಈರುಳ್ಳಿ ಮೂಸಿಸು” ಎಂದರೆ ಪಾಪ ಆಯಾ ಎದುರಾಡಲಾರರು. ನಮ್ಮ ಮನೆಯಲ್ಲಿ ಅತ್ತೆ ಮುಂದೆಯೇ ಹೇಳಿದೆ, ಸ್ಪ್ರೇ ವಿಷಯದಲ್ಲಿ ಅಕ್ಕನ ಮಾತೇ ಕೊನೆ ಎಂದು.

ಎಂಟು ತಿಂಗಳ ನಂತರ ಆಫೀಸಿಗೆ ಫೋನ್ ಬಂತು. ಅಳು ಇಲ್ಲ, ಕೂಗಾಟ ಇಲ್ಲ. “3:20ಕ್ಕೆ ಶುರುವಾಯ್ತು, 3:25ಕ್ಕೆ ಹೊಡೆದೆ, ಈಗ ನಿಂತಿದೆ. ಪಕ್ಕಕ್ಕೆ ಮಲಗಿಸಿದೀನಿ, ಉಸಿರು ನೋಡ್ತಾ ಇದೀನಿ. 108 ಬರ್ತಾ ಇದೆ, ನೀವು ನಿಧಾನವಾಗಿ ಗಾಡಿ ಓಡಿಸ್ಕೊಂಡು ಬನ್ನಿ” ಅಂದರು.