ಮೂತ್ರ ಸೋರುವ ಸಮಸ್ಯೆಗೆ ವಿಡಿಯೋ ಕಾಲ್‌ನಲ್ಲೇ ಫಿಸಿಯೋಥೆರಪಿ ಸಾಕಾಗುತ್ತಾ?

ಬಹಳಷ್ಟು ಮಹಿಳೆಯರಿಗೆ ಸಾಕಾಗುತ್ತದೆ. ಆದರೆ ಮೊದಲ ತಪಾಸಣೆ ಎದುರಿಗೇ ಆಗಲಿ ಎನ್ನುವ ಫಿಸಿಯೋಥೆರಪಿಸ್ಟ್‌ಗಳು ಜಾಸ್ತಿ. ಮೂತ್ರಚೀಲಕ್ಕೆ ಕೆಳಗಿನಿಂದ ಆಸರೆ ಕೊಡುವ ಸ್ನಾಯುಗಳು ಒಳಗಿವೆ, ಕ್ಯಾಮೆರಾಗೆ ಕಾಣಿಸುವುದಿಲ್ಲ ಅಲ್ವಾ? "ಬಿಗಿ ಹಿಡಿಯಿರಿ" ಅಂದರೆ ಎಷ್ಟೋ ಜನ ಉಸಿರು ಕಟ್ಟಿ, ಹೊಟ್ಟೆ, ತೊಡೆ ಬಿಗಿದು ಸುಮ್ನೆ ತಿಣುಕುತ್ತಾರೆ. ಅದರಿಂದ ಸ್ನಾಯು ಕೆಳಕ್ಕೆ ತಳ್ಳಿದಂತಾಗುತ್ತದೆ. ಯೋನಿಯೊಳಗೆ ಬೆರಳಿಟ್ಟು ಪರೀಕ್ಷಿಸಿದರೆ ಈ ತಪ್ಪು ಅಲ್ಲೇ ಗೊತ್ತಾಗುತ್ತದೆ. ಸರಿಯಾದ ಹಿಡಿತ ಅಂದರೆ ಗ್ಯಾಸ್ ತಡೆಯುವಾಗಿನ ಹಾಗೆ ಒಳಕ್ಕೆ, ಮೇಲಕ್ಕೆ ಎಳೆಯುವುದು.

ಅದು ಬಂದ ಮೇಲೆ ಉಳಿದದ್ದು ಅಭ್ಯಾಸ: ದಿನಕ್ಕೆ 3 ಸಲ, ಸಲಕ್ಕೆ ಕನಿಷ್ಠ 8 ಬಾರಿ, 3 ತಿಂಗಳು. ಇದನ್ನು ವಿಚಾರಿಸಿಕೊಳ್ಳಲು ವಿಡಿಯೋ ಧಾರಾಳವಾಗಿ ಸಾಕು. ಮುಜುಗರಪಡುವವರು ಮನೆಯಿಂದಲೇ ಮಾತಾಡುವಾಗ ಸ್ವಲ್ಪ ಬಾಯಿಬಿಡಲೂಬಹುದು. ಆದರೆ ಮೂತ್ರದಲ್ಲಿ ರಕ್ತ ಕಂಡರೆ ನೇರ ಡಾಕ್ಟರ್ ಹತ್ತಿರ ಹೋಗಿ.