ಅಮೆರಿಕದ ಬೇಸ್‌ಬಾಲ್‌ನಲ್ಲಿ ಜಾಸ್ತಿ ದುಡ್ಡು ಸುರಿದ ತಂಡವೇ ಗೆಲ್ಲುತ್ತದೆಯೇ?

ಯಾವಾಗಲೂ ಇಲ್ಲ. ದುಡ್ಡಿದ್ದರೆ ಪ್ಲೇಆಫ್ ತಲುಪುವುದು ಸುಲಭ, ಕಪ್ ಸಿಗುವ ಖಾತ್ರಿ ಇಲ್ಲ. 2023ರಲ್ಲಿ ನ್ಯೂಯಾರ್ಕ್ ಮೆಟ್ಸ್ ಸಂಬಳಕ್ಕೆ ದಾಖಲೆಯ ಮೊತ್ತ ಸುರಿದು, 162ರಲ್ಲಿ ಗೆದ್ದದ್ದು ಬರೀ 75 ಪಂದ್ಯ.

ಮೇಜರ್ ಲೀಗ್‌ನಲ್ಲಿ, ಅಂದರೆ ಅಲ್ಲಿನ ಅತ್ಯುನ್ನತ ಬೇಸ್‌ಬಾಲ್ ಲೀಗ್‌ನಲ್ಲಿ, ತಂಡದ ಒಟ್ಟು ಸಂಬಳಕ್ಕೆ ಕಟ್ಟುನಿಟ್ಟಿನ ಮಿತಿ ಇಲ್ಲ. ಗೊತ್ತುಪಡಿಸಿದ ಮೊತ್ತ ದಾಟಿದರೆ ದಂಡದಂಥ ತೆರಿಗೆ ಕಟ್ಟಬೇಕು, ಅಷ್ಟೇ. ಹಾಗಿದ್ದೂ ಬಡ ತಂಡಗಳು ಉಳಿದಿರುವುದಕ್ಕೆ ಒಂದು ನಿಯಮವೇ ಮುಖ್ಯ ಕಾರಣ. ಆಟಗಾರ 6 ವರ್ಷ ಲೀಗ್‌ನಲ್ಲಿ ಆಡಿದ ಮೇಲಷ್ಟೇ ಬೇಕಾದ ತಂಡ ಸೇರಬಹುದು. ಅದರಲ್ಲೂ ಮೊದಲ ಮೂರು ವರ್ಷ ಸಾಮಾನ್ಯವಾಗಿ ಸಂಬಳ ತೀರಾ ಕಡಿಮೆ. ಅಂದರೆ ಎಳೆಯರನ್ನು ಚೆನ್ನಾಗಿ ಬೆಳೆಸುವ ತಂಡಕ್ಕೆ ಒಳ್ಳೆ ಆಟ ಅಗ್ಗಕ್ಕೆ ಸಿಗುತ್ತದೆ. ಕಡಿಮೆ ದುಡ್ಡಿನ ಟ್ಯಾಂಪಾ ಬೇ ರೇಸ್ ತಂಡ 2020ರಲ್ಲಿ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್‌ಗೆ ಬಂದದ್ದು ಹೀಗೆಯೇ. ಎದುರಿಗಿದ್ದದ್ದು ಲಾಸ್ ಏಂಜಲೀಸ್‌ನ ಶ್ರೀಮಂತ ತಂಡ ಡಾಡ್ಜರ್ಸ್.

ಬೆಳೆಸಿದವರನ್ನು ಉಳಿಸಿಕೊಳ್ಳುವುದೇ ನಿಜವಾದ ಕಷ್ಟ, ಬೇಜಾರಿನ ಸಂಗತಿಯೂ ಇದೇ. ಆ ಫೈನಲ್ ಸೋತ ಸುಮಾರು ಎರಡು ತಿಂಗಳಲ್ಲಿ ರೇಸ್ ತನ್ನ ಮುಖ್ಯ ಪಿಚರ್ (ಚೆಂಡೆಸೆಯುವ ಆಟಗಾರ) ಬ್ಲೇಕ್ ಸ್ನೆಲ್ ಅವರನ್ನು ಸ್ಯಾನ್ ಡಿಯಾಗೋ ತಂಡಕ್ಕೆ ಬಿಟ್ಟುಕೊಟ್ಟಿತು. 2024ರ ಕೊನೆಗೆ ಅವರನ್ನು ದೊಡ್ಡ ಮೊತ್ತಕ್ಕೆ ಕೊಂಡದ್ದು ಅದೇ ಡಾಡ್ಜರ್ಸ್.